ರೆಕ್ಕೆಗೆ ಹಾಕಿದ ತಿನ್ನರ್

"ಗುರುಗಳೇ, ಸುಳ್ಳಾಡಬಾರದೆಂಬ ನಿಯಮ ಕಠಿಣವೆಂದು ಜನ ಹಿಂಜರಿಯುತ್ತಾರೆ. ಅದಕ್ಕೇ ನಿನ್ನೆಯ ಪ್ರವಚನದಲ್ಲಿ, ವ್ಯಾಪಾರದಲ್ಲಿ ಆಡುವ ಸಣ್ಣ ಸುಳ್ಳು ಸುಳ್ಳಲ್ಲ ಎಂದುಬಿಟ್ಟೆ. ಎಲ್ಲರೂ ತಲೆದೂಗಿದರು. ಗಟ್ಟಿ ಮಾತನ್ನು ಹೀಗೆ ತುಸು ತೆಳುಮಾಡಿ ಹೇಳಿದರೆ ತಪ್ಪೇ?" ಎಂದು ಶಿಷ್ಯ ಚೆನ್ನವೀರ ಕೇಳಿದ.

ಗುರುಗಳ ಮುಖ ಕೆಂಪಾಯಿತು. "ತೆಳುಮಾಡುವುದು ತಪ್ಪು ಅಂತ ಯಾರಯ್ಯಾ ಹೇಳಿದರು? ಏನು ಸುರಿದು ತೆಳುಮಾಡಿದೆ, ಅದನ್ನು ಹೇಳು. ಬೇಡ, ಬಾಯಿ ಮುಚ್ಚಿಕೊಂಡು ಕೇಳು" ಎಂದು ಶುರುಮಾಡಿದರು.

ಒಬ್ಬ ಮೇಸ್ತ್ರಿ ಇದ್ದ. ಪುಟ್ಟ ಮಾದರಿ ವಿಮಾನಗಳ ರೆಕ್ಕೆಗೆ ಮೆರುಗು ಹಚ್ಚುವುದು ಅವನ ಕಸುಬು. ಆ ರೆಕ್ಕೆ ಅಂದರೆ ಕಡ್ಡಿಗಳ ಚೌಕಟ್ಟು, ಅದರ ಮೇಲೆ ತೆಳ್ಳನೆಯ ಕಾಗದ, ಅಷ್ಟೇ. ಡೋಪ್ ಎಂಬ ಮೆರುಗನ್ನು ಹಚ್ಚಿದರೆ ಅದು ಒಣಗುತ್ತಾ ಕಾಗದವನ್ನು ಬಿಗಿಯುತ್ತದೆ. ಆ ಬಿಗಿಯೇ ರೆಕ್ಕೆಯ ಬಲ. ಆದರೆ ಡಬ್ಬಿಯಲ್ಲಿ ಡೋಪ್ ಬೆಲ್ಲದ ಪಾಕದ ಹಾಗೆ ಮಂದ. ಅದನ್ನು ತೆಳುಮಾಡುವ ತಿನ್ನರ್ ಬೆರೆಸದೆ ಕುಂಚ ಓಡುವುದಿಲ್ಲ. ಬೆರೆಸಲೇಬೇಕು.

ಒಬ್ಬ ಹೆಣ್ಣುಮಗಳು ಎಂಟು ತಿಂಗಳು ಕೂತು ಒಂದು ವಿಮಾನ ಕಟ್ಟಿ ಅವನ ಕೈಗೆ ಕೊಟ್ಟಳು. ಮರುದಿನವೇ ಸ್ಪರ್ಧೆ. ಗೆದ್ದರೆ ನಿಜವಾದ ವಿಮಾನ ಕಟ್ಟುವುದನ್ನು ಕಲಿಸುವ ಶಾಲೆಯಲ್ಲಿ ಅವಳಿಗೆ ಜಾಗ.

ಡೋಪಿಗೆ ಹೊಂದುವ ತಿನ್ನರ್ ಮುಗಿದಿತ್ತು. ತರಬೇಕೆಂದರೆ ಪೇಟೆಗೆ ಹೋಗಬೇಕು. ಆ ಮೈಗಳ್ಳ ಹೋದನೇ? ಕುಂಚ ತೊಳೆಯಲು ಇಟ್ಟಿದ್ದ ಅಗ್ಗದ ತಿನ್ನರನ್ನೇ ಸುರಿದ! ಕಾಗದದ ಚೂರಿಗೆ ಮೊದಲು ಹಚ್ಚಿ, ಒಣಗಿಸಿ ನೋಡುವುದು ಆ ಕಸುಬಿನವರ ಪದ್ಧತಿ. ಅದನ್ನೂ ಮಾಡಲಿಲ್ಲ. ಚೆನ್ನಾಗಿ ಬೆರೆಯಿತು, ಕುಂಚ ಸಲೀಸಾಗಿ ಓಡಿತು, ಅವನಿಗೆ ಅಷ್ಟು ಸಾಕಾಯಿತು. ನನಗೆ ಮೈ ಉರಿಯುವುದು ಇಲ್ಲೇ. ಹಚ್ಚುವವನಿಗೆ ಸುಲಭವಾದದ್ದನ್ನು ರೆಕ್ಕೆಗೂ ಒಳ್ಳೆಯದು ಎಂದುಕೊಂಡನಲ್ಲ!

ಅಂದು ಮೋಡ ಕವಿದು ಗಾಳಿಯೆಲ್ಲ ಥಂಡಿ. ಆ ತಿನ್ನರ್ ಗಡಿಬಿಡಿಯಲ್ಲಿ ಆರಿ ಮೆರುಗನ್ನು ತಣ್ಣಗಾಗಿಸಿತು, ಗಾಳಿಯ ತೇವ ಅದರ ಮೇಲೆ ಕೂತಿತು. ಬೆಳಗ್ಗೆ ಅವಳು ಬಂದು ನೋಡಿದರೆ ರೆಕ್ಕೆಗೆ ಬೂದಿ ಬಳಿದ ಹಾಗಿದೆ, ಕಾಗದ ಜೋಲುಬಿದ್ದಿದೆ.

"ಅಯ್ಯೋ ಮೇಸ್ತ್ರಿ, ಇದೇನು ಮಾಡಿಟ್ಟಿರಿ?"

"ಸ್ವಲ್ಪ ಬೆಳ್ಳಗಾಗಿದೆ, ಅಷ್ಟೇ ತಾಯಿ. ಕುಂಚ ಎಷ್ಟು ಚೆನ್ನಾಗಿ ಓಡಿತು ಗೊತ್ತಾ? ಇದೊಂದು ಸಲ ಅಡ್ಜಸ್ಟ್ ಮಾಡಿಕೊಳ್ಳಿ."

"ಕುಂಚ ಓಡಲಿ ಅಂತ ಕೊಟ್ಟೆನಾ? ಕಾಗದ ಬಿಗಿಯಲಿ ಅಂತ ಕೊಟ್ಟೆ!" ಎಂದು ಅವಳು ಅತ್ತೇಬಿಟ್ಟಳು.

ಮತ್ತೆ ಹಚ್ಚಲು ಹೊತ್ತಿರಲಿಲ್ಲ. ಅದನ್ನೇ ಒಯ್ದು ಹಾರಿಸಿದಳು. ಮೇಲೇರುತ್ತಲೇ ರೆಕ್ಕೆ ತಿರುಚಿಕೊಂಡಿತು, ವಿಮಾನ ನೆಲಕ್ಕೆ ಬಡಿದು ಪುಡಿಪುಡಿಯಾಯಿತು. ಶಾಲೆಯ ಜಾಗ ಬೇರೆಯವರ ಪಾಲಾಯಿತು.

ಗುರುಗಳು ಕತೆ ನಿಲ್ಲಿಸಿದರು. ಚೆನ್ನವೀರ ಮೆಲ್ಲಗೆ, "ಪಾಪ, ಹಾಗಾಗಬಾರದಿತ್ತು. ಆದರೂ ಅದು ಆಟದ ವಿಮಾನ ತಾನೇ, ಗುರುಗಳೇ?" ಎಂದ.

"ಹೌದಯ್ಯಾ, ಅದರೊಳಗೆ ಯಾರೂ ಕೂತಿರಲಿಲ್ಲ, ನಿನ್ನ ಮಾತಿನೊಳಗೆ ಊರಿಗೆ ಊರೇ ಕೂತಿದೆ."