ಲಾಡಿನ ತೂಕ

ಮದುವೆಮನೆಯಲ್ಲಿ ಪಂಕ್ತಿ ಕೂತಿತ್ತು. ಅಷ್ಟರಲ್ಲಿ ವರನ ತಂದೆ ವಾಸುದೇವರಾಯರು ಅಡುಗೆಮನೆಗೆ ನುಗ್ಗಿದರು. ಅವರು ತೂಕ-ಅಳತೆಯ ಅಧಿಕಾರಿಯಾಗಿ ನಿವೃತ್ತರಾದವರು.

"ಲಾಡು ಐವತ್ತು ಗ್ರಾಂ ಅಂತ ಮಾತಾಗಿತ್ತು. ಎರಡು ಸಾವಿರ ಲಾಡಿನ ಸರಾಸರಿ ಹೇಳಿ. ಇಲ್ಲದಿದ್ದರೆ ನಾನು ಎಲೆ ಮುಂದೆ ಕೂರೋದಿಲ್ಲ!"

ವಧುವಿನ ತಂದೆ ಅಶ್ವತ್ಥಯ್ಯನವರ ಮುಖ ಬಾಡಿತು. ಅದನ್ನು ನೋಡಿ ಅಡುಗೆಯ ಶಾಮಭಟ್ಟರು ಮುಂದೆ ಬಂದರು. ಲಾಡು ತುಂಬಿಟ್ಟಿದ್ದ ಇಪ್ಪತ್ತು ಬುಟ್ಟಿಗಳಿಗೂ ಕೈ ಹಾಕಿ, ನೋಡದೆ ಎರಡೆರಡು ಲಾಡು ತೆಗೆದು ತೂಗಿದರು.

"ಈ ನಲವತ್ತರ ಸರಾಸರಿ ಐವತ್ತೆರಡು, ರಾಯರೇ. ಒಟ್ಟು ಲಾಡಿನದು ಐವತ್ತೊಂದರಿಂದ ಐವತ್ತಮೂರರ ಒಳಗಿದೆ. ಹೀಗೆ ನೂರು ಸಲ ಆರಿಸಿ ಹೇಳಿದರೆ ಒಂದೈದು ಸಲ ತಪ್ಪೀತು, ಅಷ್ಟೇ."

"ಒಳಗೆ ಗಿಳಗೆ ಬೇಡ. ಖಚಿತವಾಗಿ ಹೇಳಿ!"

ಭಟ್ಟರು ಮಣೆ ಹಾಕಿ, ತಕ್ಕಡಿಯನ್ನು ಅವರ ಮುಂದಿಟ್ಟರು. "ಹಾಗಾದರೆ ಎಲ್ಲವನ್ನೂ ತಾವೇ ತೂಗಿಬಿಡಿ. ಮುಗಿಯೋ ಹೊತ್ತಿಗೆ ಮೊಮ್ಮಗುವಿನ ನಾಮಕರಣ ಬಂದಿರುತ್ತೆ. ಲಾಡು ಆಗಲೇ ಬಡಿಸೋಣ."

ಅಶ್ವತ್ಥಯ್ಯನವರಿಗೇ ನಗು ತಡೆಯಲಾಗಲಿಲ್ಲ. ಮೊಮ್ಮಗುವಿನ ಮಾತಿಗೆ ರಾಯರ ಮೀಸೆಯೂ ಅದುರಿತು. ತೆಪ್ಪಗೆ ಹೋಗಿ ಬೀಗರ ಪಕ್ಕದಲ್ಲೇ ಊಟಕ್ಕೆ ಕೂತರು.

ಭಟ್ಟರು ತಾವೇ ಬಂದು ಲಾಡು ಬಡಿಸಿದರು. ರಾಯರು ಅದನ್ನು ಅಂಗೈಯಲ್ಲಿ ತೂಗಿ ನೋಡಿದರು.

"ಇದು ನಲವತ್ತೆಂಟೇ ಇರೋದು, ಭಟ್ಟರೇ. ಸರಾಸರಿ ಸರಿಹೋಗಬೇಕಲ್ಲ, ದಪ್ಪಗಿರೋದು ಇನ್ನೊಂದು ಹಾಕಿ."