ಕವಲುಕಲ್ಲಿನ ಬಿಳಿ ಬೊಟ್ಟು

ಹೂಂ ಅನ್ನಿ, ಹೇಳ್ತೀನಿ. ಹೂಂ ಅನ್ನದವರಿಗೆ ಕಥೆ ಇಲ್ಲ.

ಒಂದು ದಾರಿ. ಉದ್ದದ ಕಾಲುದಾರಿ. ಕಡಲಿನಿಂದ ಹೊರಟು, ಏಳು ಬೆಟ್ಟ ಹತ್ತಿ ಇಳಿದು, ಮೋಡದ ಮನೆವರೆಗೆ ಹೋಗುವ ದಾರಿ. ಅದನ್ನು ಊರವರೇ ನೋಡಿಕೊಳ್ಳುತ್ತಿದ್ದರು. ಯಾರೂ ಹೇಳಿದ್ದಲ್ಲ. ಒಬ್ಬರು ಮುಳ್ಳು ಸವರುವರು. ಒಬ್ಬರು ಎಲೆ ಗುಡಿಸುವರು. ಒಬ್ಬರು ಸುಣ್ಣದ ಬೊಟ್ಟು ಇಡುವರು. ಕಲ್ಲು ತೊಳೆಯುವ ಕೆಲಸ ಸಿದ್ದಕ್ಕನದು.

ಸಿದ್ದಕ್ಕನಿಗೆ ಎಲ್ಲವೂ ಫಳಫಳ ಹೊಳೆಯಬೇಕು. ಒಂದು ಬೆಳಿಗ್ಗೆ ಕವಲುಕಲ್ಲು ತಿಕ್ಕಿದಳು. ದಾರಿ ಎರಡಾಗುವ ಕಡೆ ನಿಂತ ಕಲ್ಲು ಅದು. ತಿಕ್ಕಿದಳು, ತಿಕ್ಕಿದಳು, ತಿಕ್ಕಿದಳು. ಪಾಚಿ ಹೋಯ್ತು. ಮಣ್ಣು ಹೋಯ್ತು. ಬಿಳಿ ಬೊಟ್ಟೂ ಹೋಯ್ತು!

"ಅಯ್ಯೋ, ನನ್ನ ಬೊಟ್ಟು!" ಎಂದಿತು ಕಲ್ಲು. "ಸಂಜೆಗೆ ಕಡಲಜ್ಜಿ ಬರ್ತಾಳೆ. ವರ್ಷಕ್ಕೊಮ್ಮೆ ತಂಗೀನ ನೋಡೋಕೆ ಬರೋಳು. ಅವಳ ಕಣ್ಣು ಮಂಜು. ಬಿಳಿ ಬಿಟ್ಟು ಬೇರೇನೂ ಕಾಣಲ್ಲ. ಬೊಟ್ಟಿನ ಕಡೆ ತಿರುಗಿದ್ರೆ ತಂಗಿ ಮನೆ. ತಿರುಗದಿದ್ರೆ ಕೆಸರು. ಸೊಂಟದುದ್ದ ಕೆಸರು!"

ಸಿದ್ದಕ್ಕ ಸುಣ್ಣದ ಬೊಟ್ಟು ಇಡುವ ಮಾಯಣ್ಣನ ಹತ್ತಿರ ಓಡಿದಳು.

"ಮಾಯಣ್ಣಾ, ಮಾಯಣ್ಣಾ, ಸುಣ್ಣ ಕೊಡು. ಕಲ್ಲಿಗೆ ಬೊಟ್ಟಿಲ್ಲ."

ಹೇಗೆ ಹೋಯ್ತು ಅಂತ ಹೇಳಲಿಲ್ಲ ನೋಡಿ, ಜಾಣೆ!

"ಕೊಡ್ತಿದ್ದೆ ಸಿದ್ದಕ್ಕ. ಕುಡಿಕೇಲಿ ಸುಣ್ಣ ಒಣಗಿ ಕೂತಿದೆ. ನೀರು ತಾ."

ಹೋದಳು ಒರತೆ ಹತ್ತಿರ.

"ಒರತೆಯಮ್ಮಾ, ನೀರು ಕೊಡು. ಸುಣ್ಣಕ್ಕೆ ನೀರಿಲ್ಲ. ಕಲ್ಲಿಗೆ ಬೊಟ್ಟಿಲ್ಲ."

ಒರತೆ ಎಲೆಗಳ ಕೆಳಗಿಂದ ಗುಳುಗುಳು ಎಂದಿತು. "ನನ್ನ ಮೇಲೆ ರಾಶಿ ಎಲೆ. ಹೇಗೆ ಹರೀಲಿ? ಕರಿಯಜ್ಜ ಬಂದು ಗುಡಿಸಲಿ."

ಹೋದಳು ಕರಿಯಜ್ಜನ ಹತ್ತಿರ.

"ಕರಿಯಜ್ಜಾ, ಗುಡಿಸು ಬಾ. ಒರತೆಗೆ ಹಾದಿಯಿಲ್ಲ. ಸುಣ್ಣಕ್ಕೆ ನೀರಿಲ್ಲ. ಕಲ್ಲಿಗೆ ಬೊಟ್ಟಿಲ್ಲ."

"ಬರ್ತಿದ್ದೆ ಮಗಳೇ. ಪೊರಕೆ ಬಿಚ್ಚಿಹೋಯ್ತು. ಕಟ್ಟೋಕೆ ಬಳ್ಳಿ ತಾ."

ಹೋದಳು ಬಳ್ಳಿ ಹತ್ತಿರ.

"ಬಳ್ಳಿ ಬಳ್ಳಿ, ಒಂದೆಳೆ ಕೊಡು. ಪೊರಕೆಗೆ ಕಟ್ಟಿಲ್ಲ. ಒರತೆಗೆ ಹಾದಿಯಿಲ್ಲ. ಸುಣ್ಣಕ್ಕೆ ನೀರಿಲ್ಲ. ಕಲ್ಲಿಗೆ ಬೊಟ್ಟಿಲ್ಲ."

"ಶ್! ಮೆಲ್ಲಗೆ!" ಎಂದಿತು ಬಳ್ಳಿ. "ನನ್ನ ಮೇಲೆ ಹುಳ ಮಲಗಿದೆ, ಗೂಡು ಕಟ್ಟಿಕೊಂಡು. ಅದು ಏಳೋ ತನಕ ನಾನು ಅಲ್ಲಾಡಲ್ಲ."

ಸಿದ್ದಕ್ಕ ಗೂಡಿಗೆ ಬಾಯಿಟ್ಟು ಪಿಸುಗುಟ್ಟಿದಳು.

"ಹುಳವೇ ಹುಳವೇ, ಏಳು. ಬಳ್ಳಿಗೆ ಬಿಡುವಿಲ್ಲ. ಪೊರಕೆಗೆ ಕಟ್ಟಿಲ್ಲ. ಒರತೆಗೆ ಹಾದಿಯಿಲ್ಲ. ಸುಣ್ಣಕ್ಕೆ ನೀರಿಲ್ಲ. ಕಲ್ಲಿಗೆ ಬೊಟ್ಟಿಲ್ಲ."

"ಊಂ... ಕನಸು ಕಾಣ್ತಿದೀನಿ," ಎಂದಿತು ಹುಳ. "ರೆಕ್ಕೆ ಬಂದ ಹಾಗೆ ಕನಸು. ಬಿಸಿಲು ಬಿದ್ರೆ ಏಳ್ತೀನಿ."

ಬಿಸಿಲೆಲ್ಲಿ? ದಾರಿಗೆ ಅಡ್ಡಲಾಗಿ ಮೋಡ ಮಲಗಿತ್ತು. ಬಿಳಿ ಬಿಳಿ, ಮೆತ್ತ ಮೆತ್ತಗೆ, ಹಾಸಿದ ಹತ್ತಿಯ ಹಾಗೆ.

"ಮೋಡಪ್ಪಾ, ಏಳಪ್ಪಾ. ಹುಳಕ್ಕೆ ಬಿಸಿಲಿಲ್ಲ. ಬಳ್ಳಿಗೆ ಬಿಡುವಿಲ್ಲ. ಪೊರಕೆಗೆ ಕಟ್ಟಿಲ್ಲ. ಒರತೆಗೆ ಹಾದಿಯಿಲ್ಲ. ಸುಣ್ಣಕ್ಕೆ ನೀರಿಲ್ಲ. ಕಲ್ಲಿಗೆ ಬೊಟ್ಟಿಲ್ಲ."

ಮೋಡ ಆಕಳಿಸಿತು. "ನಾನೂ ಆ ಬೊಟ್ಟು ನೋಡ್ಕೊಂಡೇ ಮನೆಗೆ ಹೋಗೋನು. ಇವತ್ತು ಬೊಟ್ಟಿಲ್ಲ. ಎತ್ತ ಹೋಗಲಿ? ಇಲ್ಲೇ ಮಲಗಿದೆ."

ಸಿದ್ದಕ್ಕ ಕುಸಿದು ಕೂತಳು. ಅಳು ಬಂತು, ಜೋರಾಗಿ ಬಂತು.

"ಬೊಟ್ಟು ತಾನಾಗಿ ಹೋಗಲಿಲ್ಲ ಮೋಡಪ್ಪಾ. ನಾನೇ ತಿಕ್ಕಿ ಅಳಿಸಿದೆ."

ಮೋಡ ಬೈಯಲಿಲ್ಲ. "ಹಾಗಾದ್ರೆ ನೀನೇ ಮುಂದೆ ನಡಿ," ಎಂದಿತು.

ಸಿದ್ದಕ್ಕ ಮುಂದೆ ನಡೆದಳು. ಮೋಡ ಅವಳ ಸೆರಗು ಹಿಡಿಯಿತು. ಸಿದ್ದಕ್ಕ ಮುಂದೆ, ಮೋಡ ಹಿಂದೆ. ಸಿದ್ದಕ್ಕ ಮುಂದೆ, ಮೋಡ ಹಿಂದೆ. ಕಾಲು ನೆಲದ ಮೇಲಿದೆಯೋ ಇಲ್ಲವೋ ಅವಳಿಗೇ ಗೊತ್ತಾಗಲಿಲ್ಲ. ಬೆಟ್ಟದ ತುದಿಯಲ್ಲಿ ಮೋಡ ಸೆರಗು ಬಿಟ್ಟು, ಮೇಲೆದ್ದು, ಮನೆಗೆ ಹೋಯಿತು.

ಮೋಡ ಎದ್ದಿತು, ಬಿಸಿಲು ಬಿತ್ತು. ಬಿಸಿಲು ಬಿತ್ತು, ಹುಳ ಎದ್ದಿತು. ಹುಳ ಎಲ್ಲಿ? ಚಿಟ್ಟೆ! ಚಿಟ್ಟೆ ಹಾರಿತು, ಬಳ್ಳಿ ಎಳೆ ಕೊಟ್ಟಿತು. ಬಳ್ಳಿ ಎಳೆ ಕೊಟ್ಟಿತು, ಕರಿಯಜ್ಜ ಪೊರಕೆ ಕಟ್ಟಿದ. ಪೊರಕೆ ಕಟ್ಟಿದ, ಎಲೆ ಗುಡಿಸಿದ. ಎಲೆ ಗುಡಿಸಿದ, ಒರತೆ ಹರಿಯಿತು. ಒರತೆ ಹರಿಯಿತು, ಮಾಯಣ್ಣ ಸುಣ್ಣ ಕಲಸಿದ.

"ತಗೋ ಸಿದ್ದಕ್ಕ, ನೀನೇ ಇಡು," ಎಂದ.

ಸಿದ್ದಕ್ಕ ಬೆರಳು ಅದ್ದಿದಳು. ಕಲ್ಲಿಗೆ ಬೊಟ್ಟಿಟ್ಟಳು. ದುಂಡಗೆ, ಬೆಳ್ಳಗೆ.

ಅಷ್ಟರಲ್ಲಿ ಟಕ್, ಟಕ್, ಟಕ್. ಕೋಲೂರಿಕೊಂಡು ಕಡಲಜ್ಜಿ ಬಂದಳು. ಕವಲಿನಲ್ಲಿ ನಿಂತಳು. ಸಿದ್ದಕ್ಕ, ಮಾಯಣ್ಣ, ಕರಿಯಜ್ಜ ಮೂವರೂ ಪೊದೆಯ ಹಿಂದೆ ಅಡಗಿ ನೋಡಿದರು. ಅಜ್ಜಿ ಆ ಕಡೆ ನೋಡಿದಳು. ಈ ಕಡೆ ನೋಡಿದಳು. ಬೊಟ್ಟಿನ ಕಡೆ ತಿರುಗಿದಳು. ಮೂವರೂ ಮೆಲ್ಲಗೆ ಅವಳ ಹಿಂದೆಯೇ ಹೋದರು.

ತಂಗಿ ಬಾಗಿಲಲ್ಲೇ ಕಾಯುತ್ತಿದ್ದಳು. ಓಡಿ ಬಂದು ತಬ್ಬಿಕೊಂಡಳು.

"ಅಕ್ಕಾ, ದಾರೀಲಿ ತೊಂದರೆ ಆಗ್ಲಿಲ್ವಾ?"

"ಏನೂ ಇಲ್ಲ ಕಣೇ. ಒಳ್ಳೇ ದಾರಿ ಇದು. ತಾನಾಗೇ ಕರ್ಕೊಂಡು ಬರುತ್ತೆ."

ತಾನಾಗೇ ಅಂತೆ! ಕೇಳಿದಿರಾ?

ಮಾಯಣ್ಣ ಸಿದ್ದಕ್ಕನ ಮುಖ ನೋಡಿದ. ಸಿದ್ದಕ್ಕ ಕರಿಯಜ್ಜನ ಮುಖ ನೋಡಿದಳು. ಮೂವರಿಗೂ ಹೊಟ್ಟೆ ತುಂಬಾ ಖುಷಿ.

ಅಜ್ಜಿ ಮನೆ ಸೇರಿದಳು. ಕಥೆಯೂ ಮನೆ ಸೇರಿತು. ನೀವಿನ್ನು ಹಾಸಿಗೆ ಸೇರಿ.