ಮೇಲೆ ನಿಂತಿದ್ದವರ ಮಾತು

"ಶಾಲೆಯಲ್ಲಿ ಮಾಡಿದ ಒಂದು ಕೀಟಲೆಗೆ ಹುಡುಗನ ಕಾಲೇಜು ತಪ್ಪಬೇಕೇ, ಬುದ್ಧಿ?"

ಮಠದ ಶಾಲೆಯ ಹೆಡ್‌ಮಾಸ್ಟರ್ ಗುರುಪಾದಪ್ಪ ಮಠದ ಗುರುಗಳನ್ನು ಹೀಗೆ ಕೇಳಿ ಕಂಬಕ್ಕೆ ಒರಗಿ ಕುಳಿತ. ಅವನಿಗೆ ಸಾಕುಸಾಕಾಗಿತ್ತು. ಹತ್ತನೆಯ ತರಗತಿಯ ಲೋಹಿತ ಪರೀಕ್ಷೆ ಮುಗಿದ ಖುಷಿಯಲ್ಲಿ ಶಾಲೆಯ ಜವಾನನನ್ನು ಸಾಮಾನಿನ ಕೋಣೆಯೊಳಗೆ ಕೂಡಿಹಾಕಿ ಚಿಲಕ ಜಡಿದಿದ್ದ. ಮುದುಕ ಒಳಗಿಂದ ಕದ ಬಡಿಯುವುದನ್ನು ಫೋನಿನಲ್ಲಿ ಹಿಡಿದು ಗೆಳೆಯರಿಗೆಲ್ಲ ಕಳಿಸಿದ್ದ. ಅದು ಕೈಯಿಂದ ಕೈಗೆ ದಾಟಿ, ಅವನಿಗೆ ಸೀಟು ಕೊಡಬೇಕಾಗಿದ್ದ ಕಾಲೇಜಿನವರೆಗೂ ಹೋಗಿತ್ತು. ಹುಡುಗ ಎಂಥವನೆಂದು ಹೆಡ್‌ಮಾಸ್ಟರೇ ಹೇಳಲಿ, ಆಮೇಲೆ ನೋಡೋಣ ಎಂದಿದ್ದರು ಕಾಲೇಜಿನವರು. ಅಂದಿನಿಂದ ಗುರುಪಾದಪ್ಪನ ಮನೆ ಬಾಗಿಲಿಗೆ ಪುರುಸೊತ್ತಿಲ್ಲ. ಅಪ್ಪ ಬಂದು ಅತ್ತ. ಸೋದರಮಾವ ಬಂದು ಕೈಮುಗಿದ. ಕ್ಲಾಸ್ ಟೀಚರು ಬಂದು, ತರಗತಿಗೇ ಮೊದಲಿಗ ಸಾರ್ ಎಂದರು. ಎಲ್ಲರದ್ದೂ ಒಂದೇ ಮಾತು: ಚಿಕ್ಕ ಹುಡುಗ, ದೊಡ್ಡದು ಮಾಡಬೇಡಿ.

ಗುರುಗಳೂ ದಣಿದಿದ್ದರು. ಅದೇ ಅಪ್ಪ, ಅದೇ ಮಾವ ಬೆಳಗ್ಗೆಯೇ ಮಠಕ್ಕೂ ಬಂದುಹೋಗಿದ್ದರು. ಆದರೂ ಒಂದು ಕಥೆ ಹೇಳತೊಡಗಿದರು.

ಒಂದೂರಿನಲ್ಲಿ ಬಾವಿ ತೋಡುವವರಿದ್ದರು. ಒಬ್ಬ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿಯುತ್ತಿದ್ದ, ಒಬ್ಬ ಮೇಲೆ ನಿಂತು ಹಗ್ಗ ಹಿಡಿಯುತ್ತಿದ್ದ. ಒಂದು ದಿನ ಹಗ್ಗ ಹಿಡಿದಿದ್ದ ಯುವಕ, ಕೆಳಗಿನವನು ಅರ್ಧ ಇಳಿದಿದ್ದಾಗ, ತಮಾಷೆಗೆಂದು ಹಗ್ಗವನ್ನು ಒಂದು ಮೊಳ ಜಾರಿಸಿ ಗಪ್ಪನೆ ಹಿಡಿದ. ಸುತ್ತ ನಿಂತಿದ್ದವರು ಹೊಟ್ಟೆ ಹುಣ್ಣಾಗುವಂತೆ ನಕ್ಕರು. ಯಾರಿಗೂ ಗಾಯವಾಗಲಿಲ್ಲ. ಬಾವಿಯಲ್ಲಿ ನೀರೂ ಬಂತು.

ಮುಂದೆ ಆ ಯುವಕ ಬಾವಿ ತೋಡಿಸುವ ಹೆಸರಾಂತ ಮೇಸ್ತ್ರಿಯೊಬ್ಬನ ಬಳಿ ಕೆಲಸ ಕಲಿಯಲು ಹೋದ. ಅವನ ಕೈಕೆಳಗೆ ಕಲಿತವನಿಗೆ ಬದುಕಿಡೀ ಅನ್ನಕ್ಕೆ ಯೋಚನೆಯಿಲ್ಲ. ಆದರೆ ಹಗ್ಗ ಜಾರಿದ ಸುದ್ದಿ ಇವನಿಗಿಂತ ಮೊದಲೇ ಅಲ್ಲಿಗೆ ಹೋಗಿ ಕೂತಿತ್ತು. ಯುವಕ ಊರಿಗೆ ಓಡಿದ. ಅಂದು ಬಾವಿಯ ಸುತ್ತ ನಿಂತು ನಕ್ಕವರನ್ನೆಲ್ಲ ಕರೆತಂದ. ಆಡುವ ವಯಸ್ಸು, ಆಡಿದ ಎಂದು ಎಲ್ಲರೂ ಅವನ ಪರವಾಗಿ ಹೇಳಿದರು. ಮೇಸ್ತ್ರಿ ಎಲ್ಲವನ್ನೂ ಕೇಳಿಸಿಕೊಂಡು, ಬಂದವರಿಗೆ ಎಲೆಯಡಿಕೆ ಕೊಟ್ಟ.

"ಇವರೆಲ್ಲ ಮೇಲೆ ನಿಂತಿದ್ದವರು. ನಮ್ಮಲ್ಲಿ ಹಗ್ಗ ಹಿಡಿಯುವವನನ್ನು ನಾನು ಆರಿಸುವುದಿಲ್ಲ, ಕೆಳಗಿಳಿಯುವವನು ಆರಿಸುತ್ತಾನೆ. ಅಂದು ಕೆಳಗಿದ್ದವನನ್ನು ಕರೆದುಕೊಂಡು ಬಾ" ಎಂದ.

ಯುವಕ ಆ ಮನುಷ್ಯನ ಮನೆ ಹುಡುಕಿಕೊಂಡು ಹೋಗಿ ಬಾಗಿಲಲ್ಲಿ ತಲೆ ತಗ್ಗಿಸಿ ನಿಂತ.

"ಇಷ್ಟು ದಿನ ಯಾಕೆ ಬರಲಿಲ್ಲ?" ಎಂದು ಆತ ಕೇಳಿದ.

"ಚಿಕ್ಕ ವಿಷಯ ಅಂದುಕೊಂಡಿದ್ದೆ, ಅಣ್ಣಾ."

"ಮೇಲಿದ್ದವರಿಗೆ ಅದು ಚಿಕ್ಕದೇ ಕಣಪ್ಪಾ. ನಾನು ಅವತ್ತಿನಿಂದ ಬಾವಿಗೆ ಇಳಿದಿಲ್ಲ."

ಆತ ಒಳಗೆ ಹೋಗಿ ಹಳೆಯ ಹಗ್ಗ ತಂದ. ಇಬ್ಬರೂ ಅದೇ ಬಾವಿಗೆ ಹೋದರು. "ಈಗ ನೀನು ಇಳಿ, ನಾನು ಹಿಡಿಯುತ್ತೇನೆ" ಎಂದ ಆತ. ಯುವಕ ಜೀವ ಕೈಯಲ್ಲಿ ಹಿಡಿದು ಇಳಿದ. ಹಗ್ಗ ಒಂದು ಬೆರಳಿನಷ್ಟೂ ಜಾರಲಿಲ್ಲ. ಮೇಲೆ ಬಂದವನು ಆತನ ಕಾಲು ಹಿಡಿದು ಅತ್ತ. ಮರುದಿನ ಆತ ತಾನೇ ಅವನನ್ನು ಮೇಸ್ತ್ರಿಯ ಬಳಿ ಕರೆದುಕೊಂಡು ಹೋದ.

ಗುರುಪಾದಪ್ಪನ ಎದೆಯ ಭಾರ ಇಳಿದಂತಾಯಿತು. ಅವನು ಎದ್ದು ಶಲ್ಯ ಸರಿಮಾಡಿಕೊಂಡ.

"ಹಾಗಾದರೆ ಲೋಹಿತನಿಗೆ ಸೀಟು ಕೊಡಿ ಅಂತ ಕಾಲೇಜಿನವರಿಗೆ ಹೇಳಿಬಿಡಲೇ, ಬುದ್ಧಿ?"

ಗುರುಗಳು ಅವನನ್ನೇ ನೋಡಿದರು.

"ಕೋಣೆಯೊಳಗಿದ್ದವನ ಹೆಸರನ್ನು ಬೆಳಗಿನಿಂದ ಇಲ್ಲಿಗೆ ಬಂದ ಒಬ್ಬರೂ ಹೇಳಲಿಲ್ಲ ಗುರುಪಾದಪ್ಪಾ, ನೀನೂ ಹೇಳಲಿಲ್ಲ."